ಒಲೆ ಒಂದೋ, ಎರಡೋ

ಸನ್ನಿವೇಲ್‌ನ ಎಲ್ ಕಮೀನೊ ರಸ್ತೆಯ ಬಸ್‌ಸ್ಟಾಪಿಗೆ ನಾನು ಎಂಟೂವರೆಗೆ ಹೋದರೆ ಮೇಷ್ಟ್ರು ಆಗಲೇ ಬಂದು ನಿಂತಿದ್ದರು. ತಲೆಗೆ ಮಂಕಿ ಟೋಪಿ, ಮೈಮೇಲೆ ಮಗ ಬಿಟ್ಟ, ಅಲ್ಲ, ಮಗನನ್ನು ಬಿಟ್ಟ ಕಂಪನಿಯ ಜಾಕೆಟ್ಟು, ಕೈಯಲ್ಲಿ ಹಾಸನದ ಜವಳಿ ಅಂಗಡಿಯ ಬಟ್ಟೆಚೀಲ. ಚೀಲದೊಳಗೆ ಪಾಸ್‌ಪೋರ್ಟು, ಗ್ರೀನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಪಿಂಚಣಿ ಆದೇಶದ ಜೆರಾಕ್ಸು, ಒಂದು ಉದ್ದನೆ ನೋಟ್‌ಬುಕ್ಕು, ಅವಲಕ್ಕಿ ಡಬ್ಬಿ.

‘ಮಗನಿಗೆ ಏನು ಹೇಳಿ ಬಂದ್ರಿ ಮೇಷ್ಟ್ರೆ?’

‘ಜಪಾನಿ ತೋಟ ನೋಡ್ಕೊಂಡು ಬರ್ತೀವಿ ಅಂದೆ ಕಣಮ್ಮ. ಸುಳ್ಳೇನಲ್ಲ, ದಾರೀಲೇ ಇದೆ ಅಂದ್ಯಲ್ಲ.’

2024ರ ಮಾರ್ಚ್. ನಾನು ಮಗಳ ಮನೆಗೆ ಆರು ತಿಂಗಳಿಗೆಂದು ಬಂದವಳು. ಮೇಷ್ಟ್ರು ಶಾಶ್ವತವಾಗಿ ಬಂದವರು. ಪರಿಚಯವಾದದ್ದು ಪಾರ್ಕಿನ ಬೆಂಚಿನಲ್ಲಿ. ಸಂಜೆಯಾದರೆ ಅಲ್ಲಿ ತೆಲುಗು, ಗುಜರಾತಿ, ಕನ್ನಡದ ಅಜ್ಜ ಅಜ್ಜಿಯರು ಸೇರುತ್ತಾರೆ. ಮೊಮ್ಮಕ್ಕಳು ಜಾರುಬಂಡಿಯಲ್ಲಿ, ಇವರು ಬಿಪಿ ಸಕ್ಕರೆಯ ಮಾತಿನಲ್ಲಿ. ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರಿಗೆ ಈಗ 71. ಹೆಂಡತಿ ತೀರಿಕೊಂಡ ಮೇಲೆ ಮಗ ಗ್ರೀನ್ ಕಾರ್ಡು ಮಾಡಿಸಿ ಕರೆಸಿಕೊಂಡ. ಬಂದು ಎರಡು ವರ್ಷ. ನಾಲ್ಕು ತಿಂಗಳ ಹಿಂದೆ ಮಗನ ಕೆಲಸ ಹೋಯಿತು. ಅಪ್ಪನಿಗೆಂದು ತಿಂಗಳು ತಿಂಗಳು ಕಟ್ಟುತ್ತಿದ್ದ ಆರೋಗ್ಯವಿಮೆಯನ್ನು ಮಗ ಸದ್ದಿಲ್ಲದೆ ನಿಲ್ಲಿಸಿದ. ಅದು ಅಪ್ಪನಿಗೆ ಗೊತ್ತಾಯಿತು, ಅವರೂ ಸದ್ದು ಮಾಡಲಿಲ್ಲ. ಮಾತ್ರೆಗಳು ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಬರುತ್ತಿದ್ದವು. ಆದರೆ ಮಾತ್ರೆ ಕೊಡುವ ಡಾಕ್ಟರು ಸೂಟ್‌ಕೇಸಿನಲ್ಲಿ ಬರುವುದಿಲ್ಲವಲ್ಲ.

65 ದಾಟಿದವರಿಗೆ ಈ ದೇಶದಲ್ಲಿ ಮೆಡಿಕೇರ್ ಉಂಟು. ಆದರೆ ಗ್ರೀನ್ ಕಾರ್ಡಿನವರು ಇಲ್ಲಿ ಐದು ವರ್ಷ ಸತತವಾಗಿ ಇದ್ದಿರಬೇಕು, ಇಲ್ಲಿ ದುಡಿಯದೆ ಇದ್ದವರು ದುಡ್ಡು ಕೊಟ್ಟೇ ಸೇರಬೇಕು. ಮೇಷ್ಟ್ರಿಗೆ ಇನ್ನೂ ಮೂರು ವರ್ಷ ಬಾಕಿ. ಹಾಗಾದರೆ ಮೂರು ವರ್ಷ ಏನು? ಇದಕ್ಕೆ ಬೆಂಚಿನ ಮೇಲೆ ಹನ್ನೊಂದು ಜನ ಹದಿಮೂರು ಉತ್ತರ ಕೊಟ್ಟಿದ್ದರು. ಕೊನೆಗೆ ನನ್ನ ಮಗಳು ‘211ಕ್ಕೆ ಫೋನ್ ಮಾಡು’ ಎಂದಳು.

ಪೊಲೀಸರಿಗೆ 911 ಇದ್ದಂತೆ ಕಷ್ಟದಲ್ಲಿರುವವರಿಗೆ 211. ಊಟ, ಬಾಡಿಗೆ, ಆಸ್ಪತ್ರೆ, ಮುದುಕರ ಆರೈಕೆ, ಯಾವುದಕ್ಕೆ ಯಾವ ಬಾಗಿಲು ಎಂದು ಹೇಳುವ ನಂಬರು. 1997ರಲ್ಲಿ ಅಟ್ಲಾಂಟಾದ ಯುನೈಟೆಡ್ ವೇ ಸಂಸ್ಥೆ ಶುರು ಮಾಡಿತು. 2000ನೇ ಇಸವಿಯಲ್ಲಿ ಕೇಂದ್ರ ಸರ್ಕಾರ ಈ ಮೂರಂಕಿಯನ್ನು ಇಡೀ ದೇಶಕ್ಕೆ ಮೀಸಲಿಟ್ಟಿತು. ಅವರು ಏನನ್ನೂ ಕೊಡುವುದಿಲ್ಲ, ವಿಳಾಸ ಕೊಡುತ್ತಾರೆ. ನನಗೆ ಇದು ಮೊದಲು ಬರೀ ಮಾತಿನ ಉಪಕಾರ ಅನ್ನಿಸಿತ್ತು. ಆ ದಿನ ಸಂಜೆಯ ಹೊತ್ತಿಗೆ ಅಭಿಪ್ರಾಯ ಬದಲಾಗಿತ್ತು.

22ನೇ ನಂಬರಿನ ಬಸ್ಸು ಬಂತು. 65 ದಾಟಿದವರಿಗೆ ಒಂದು ಡಾಲರ್ ಚಾರ್ಜು. ಪಾಲೊ ಆಲ್ಟೊದಿಂದ ಸ್ಯಾನ್ ಹೊಸೆಯ ಪೂರ್ವ ತುದಿಯವರೆಗೆ ಓಡುವ ಈ ಬಸ್ಸಿಗೆ ‘ಹೋಟೆಲ್ 22’ ಎಂಬ ಅಡ್ಡಹೆಸರಿದೆ. ರಾತ್ರಿಯಿಡೀ ಓಡುವ ಬಸ್ಸಾದ್ದರಿಂದ ಮನೆಯಿಲ್ಲದವರು ಟಿಕೆಟ್ ತೆಗೆದು ಒಳಗೆ ಮಲಗುತ್ತಿದ್ದರು. ಎಲಿಜಬೆತ್ ಲೋ ಅದೇ ಹೆಸರಿನಲ್ಲಿ ಕಿರುಚಿತ್ರವನ್ನೂ ತೆಗೆದಿದ್ದಾರೆ. ನಾವು ಹತ್ತಿದಾಗ ಹಿಂದಿನ ಸೀಟುಗಳಲ್ಲಿ ಮೂವರು ಕಂಬಳಿ ಹೊದ್ದು ಕುಳಿತೇ ನಿದ್ರಿಸುತ್ತಿದ್ದರು. ಕಿಟಕಿಯಾಚೆ ದೋಸೆ ಹೋಟೆಲುಗಳು, ಒಡವೆ ಅಂಗಡಿ, ಪಟೇಲರ ದಿನಸಿ. ಫೋನು, ಹುಡುಕಾಟ, ಚಿಪ್ಪುಗಳ ಜಗತ್ಪ್ರಸಿದ್ಧ ಕಂಪನಿಗಳಿರುವ ಸಾಂತಾ ಕ್ಲಾರಾ ಕೌಂಟಿ ಇದು. 2023ರ ಎಣಿಕೆಯಲ್ಲಿ ಇಲ್ಲಿ ಮನೆಯಿಲ್ಲದವರೆಂದು ಸಿಕ್ಕಿದ್ದು 9,903 ಜನ. ಮೇಷ್ಟ್ರು ಆ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು, ಯಾಕೆಂದು ಕೇಳಲಿಲ್ಲ.

ಮೊದಲು ತಪ್ಪಿದ್ದು ನಾವೇ. 211ರವರು ಹೇಳಿದ ಕೌಂಟಿಯ ಸಮಾಜ ಸೇವಾ ಇಲಾಖೆಯ ಕೇಂದ್ರ ಕಚೇರಿ ಸ್ಯಾನ್ ಹೊಸೆಯ ವೆಸ್ಟ್ ಜೂಲಿಯನ್ ಬೀದಿಯಲ್ಲಿದೆ ಎಂದು ನೋಡಿಕೊಂಡು, ಹಾಕಿ ಪಂದ್ಯಗಳ ದೊಡ್ಡ ಕ್ರೀಡಾಂಗಣದ ಬಳಿ ಇಳಿದು, ಗ್ವಾಡಲೂಪೆ ಹೊಳೆಯ ಪಕ್ಕದಲ್ಲಿ ನಡೆದು ಹೋದೆವು. ಹೊಳೆ ಎಂದರೆ ನಮ್ಮ ಕಣ್ಣಿಗೆ ಕಾಲುವೆ. ಸೇತುವೆಯ ಕೆಳಗೆ ಟಾರ್ಪಾಲು, ಸೈಕಲ್ಲು, ಒಂದು ಸೋಫಾ. ಕಚೇರಿಯ ಕಟ್ಟಡ ಎತ್ತರವಾಗಿತ್ತು, ಗಾಜಿನದಾಗಿತ್ತು. ಬಾಗಿಲಲ್ಲಿದ್ದವರು ಮೇಷ್ಟ್ರ ಚೀಲ ನೋಡಿಯೇ ಅರ್ಥ ಮಾಡಿಕೊಂಡು, ಹೊಸ ಅರ್ಜಿಯಾದರೆ ಸೆಂಟರ್ ರೋಡಿಗೆ ಹೋಗಿ ಎಂದು ನಯವಾಗಿ ಹೇಳಿದರು.

‘ಯಾವ ಸೆಂಟರಿನ ರೋಡು?’ ಅಂದರು ಮೇಷ್ಟ್ರು.

ನಡು ಎಂಬರ್ಥದ ಸೆಂಟರ್ ಅಲ್ಲ, ಅದೊಂದು ಹೆಸರು, ಇಂಗ್ಲಿಷಿನಲ್ಲಿ ಕಾಗುಣಿತವೇ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ನೋಟ್‌ಬುಕ್ಕಿನಲ್ಲಿ ಅವರು ‘ಸೆಂಟರ್ ರಸ್ತೆ (ಸೆಂಟರ್ ಅಲ್ಲ)’ ಎಂದು ಬರೆದುಕೊಂಡದ್ದು ಇನ್ನೂ ನನ್ನ ಕಣ್ಣಮುಂದಿದೆ.

ಹೊಳೆಯ ಬದಿಯ ಕಲ್ಲುಬೆಂಚಿನ ಮೇಲೆ ಅವಲಕ್ಕಿ ಬಿಚ್ಚಿದೆವು. ‘ಅಲ್ಲಮ್ಮ, ಇದೆಲ್ಲ ಕೌಂಟಿ ಯಾಕೆ ಮಾಡಬೇಕು? ಇವರಿಗೇನು ಬಂದಿದೆ?’ ಎಂದು ಕೇಳಿದರು. ಮೇಷ್ಟ್ರ ಪ್ರಶ್ನೆ, ಸುಮ್ಮನೆ ಬಿಡುವಂತಿಲ್ಲ. ಕೌಂಟಿ ಎಂದರೆ ನಮ್ಮ ಜಿಲ್ಲೆ ಎಂದುಕೊಂಡರೆ ಅರ್ಧ ಸರಿ. ಸಾಂತಾ ಕ್ಲಾರಾ 1850ರಿಂದ ಇರುವ ಕೌಂಟಿ. ಹದಿನೈದು ಊರುಗಳು, ಸುಮಾರು 19 ಲಕ್ಷ ಜನ. ಇಲ್ಲಿ ಡಿ.ಸಿ. ಸಾಹೇಬರ ದರ್ಬಾರಿಲ್ಲ, ಜನರೇ ಆರಿಸಿದ ಐವರು ಸೂಪರ್‌ವೈಸರ್‌ಗಳ ಮಂಡಳಿಯದೇ ಯಜಮಾನಿಕೆ. ದುಡ್ಡು ಬಹುಪಾಲು ವಾಷಿಂಗ್ಟನ್ನಿನಿಂದ ಮತ್ತು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಿಂದ ಬರುತ್ತದೆ, ಅರ್ಜಿ ನೋಡಿ ಹಂಚುವ ಕೈ ಕೌಂಟಿಯದು. ಇದರ ಜೊತೆಗೆ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ 17000 ಎಂಬ ಕಲಮು ಇದೆ. ತನ್ನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಬಡವರನ್ನೂ, ವಯಸ್ಸು ಕಾಯಿಲೆ ಅಪಘಾತಗಳಿಂದ ಕೈಲಾಗದವರನ್ನೂ ಪ್ರತಿ ಕೌಂಟಿಯೂ ನೋಡಿಕೊಳ್ಳತಕ್ಕದ್ದು, ಬಂಧುಗಳೋ ಸ್ನೇಹಿತರೋ ಬೇರೆ ಆಸರೆಯೋ ಇಲ್ಲದಿದ್ದಾಗ, ಎಂಬುದು ಅದರ ಸಾರಾಂಶ.

‘ಬಂಧುಗಳು ಇಲ್ಲದಿದ್ದಾಗ,’ ಮೇಷ್ಟ್ರು ತಮ್ಮಷ್ಟಕ್ಕೆ ಹೇಳಿಕೊಂಡು ಡಬ್ಬಿ ಮುಚ್ಚಿದರು.

73ನೇ ನಂಬರಿನ ಬಸ್ಸು ಹಿಡಿಯುವ ಮೊದಲು ಕಿಂಗ್ ಗ್ರಂಥಾಲಯಕ್ಕೆ ಹೋಗಬೇಕಾಯಿತು. ಕಾರಣ ಪುಸ್ತಕವಲ್ಲ. ಸಕ್ಕರೆ ಕಾಯಿಲೆಯವರನ್ನು ಕರೆದುಕೊಂಡು ಅಮೆರಿಕದ ಪೇಟೆಯಲ್ಲಿ ತಿರುಗುವವರಿಗೆ ನನ್ನ ಮೊದಲ ಸಲಹೆ ಇದೇ: ಗ್ರಂಥಾಲಯಗಳು ಎಲ್ಲೆಲ್ಲಿವೆ ಎಂದು ತಿಳಿದುಕೊಳ್ಳಿ. ನಗರವೂ ವಿಶ್ವವಿದ್ಯಾಲಯವೂ ಕೂಡಿ 2003ರಲ್ಲಿ ತೆರೆದ ಈ ಕಟ್ಟಡದಲ್ಲಿ ಏನೂ ಕೊಳ್ಳದೆ ಕೂರಬಹುದು, ಕೈಕಾಲು ತೊಳೆಯಬಹುದು, ಕಂಪ್ಯೂಟರಿನಲ್ಲಿ ಅರ್ಜಿ ತುಂಬಬಹುದು. ಮನೆಯಿಲ್ಲದವರು ಹಗಲಿಡೀ ಬಂದು ಕೂರುವುದು ಗ್ರಂಥಾಲಯದಲ್ಲೇ ಎಂಬುದನ್ನು ಒಪ್ಪಿಕೊಂಡು ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊದವರು 2009ರಲ್ಲಿ ಗ್ರಂಥಾಲಯಕ್ಕೇ ಒಬ್ಬ ಸಮಾಜ ಕಾರ್ಯಕರ್ತೆಯನ್ನು ಪೂರ್ಣಾವಧಿಗೆ ನೇಮಿಸಿಕೊಂಡರು.

ಸೆಂಟರ್ ರೋಡ್ ವಿಯೆಟ್ನಾಮಿಯರ ಸೀಮೆ. ವಿಯೆಟ್ನಾಮಿನ ಹೊರಗೆ ಅವರು ಅತಿ ಹೆಚ್ಚು ಸಂಖ್ಯೆಯಲ್ಲಿರುವ ನಗರ ಸ್ಯಾನ್ ಹೊಸೆ. ಬೋರ್ಡುಗಳಲ್ಲಿ ಅಕ್ಷರದ ತಲೆಯ ಮೇಲೆ ಕೊಂಬು, ಕಾಲ ಕೆಳಗೆ ಚುಕ್ಕಿ. ಕಚೇರಿಯೊಳಗೆ ಕುರ್ಚಿಗಳಲ್ಲಿ ಕುಳಿತವರನ್ನು ನೋಡಿದಾಗ ನನ್ನ ತಲೆಯಲ್ಲಿದ್ದ ‘ಬಡವರು’ ಎಂಬ ಚಿತ್ರ ಸ್ವಲ್ಪ ಅಲುಗಾಡಿತು. ಒಬ್ಬ ವಿಯೆಟ್ನಾಮಿ ಅಜ್ಜಿ, ಹೊಲಿಗೆ ಹಾಕಿದ ಕೈಚೀಲ. ಸ್ಪ್ಯಾನಿಷಿನಲ್ಲಿ ಮಗುವನ್ನು ಗದರುತ್ತಿದ್ದ ತಾಯಿ. ಕಂಪನಿಯ ಬ್ಯಾಕ್‌ಪ್ಯಾಕು ಹೆಗಲಲ್ಲಿದ್ದ ಮೂವತ್ತರ ಹುಡುಗ. ನಮ್ಮವನೇ ಇರಬೇಕು, ನಮ್ಮನ್ನು ಕಂಡೊಡನೆ ಫೋನಿಗೆ ತಲೆ ತಗ್ಗಿಸಿದ. ಮೇಷ್ಟ್ರೂ ಬೇರೆ ಕಡೆ ನೋಡಿದರು. ಊರಲ್ಲಾಗಿದ್ದರೆ ‘ಯಾವೂರಪ್ಪ?’ ಎಂದು ಕೇಳದೆ ಬಿಡುವ ಪೈಕಿಯಲ್ಲ ಅವರು.

ಈ ನಾಚಿಕೆಗೆ ಜೊತೆಯಾಗಿ ಒಂದು ಹೆದರಿಕೆಯೂ ಇದೆ, ಅದಕ್ಕೆ ಬೆಂಚಿನ ಭಾಷೆಯಲ್ಲಿ ‘ಪಬ್ಲಿಕ್ ಚಾರ್ಜ್’ ಎಂದು ಹೆಸರು. ಸರ್ಕಾರದ ಮೇಲೆ ಭಾರವಾಗುವವರಿಗೆ ಗ್ರೀನ್ ಕಾರ್ಡು ನಿರಾಕರಿಸಬಹುದೆಂಬ ಹಳೆಯ ನಿಯಮ. 2020ರ ಫೆಬ್ರವರಿಯಲ್ಲಿ ಅದನ್ನು ಬಿಗಿ ಮಾಡಿ ಊಟದ ನೆರವು, ವೈದ್ಯಕೀಯ ನೆರವುಗಳನ್ನೂ ಲೆಕ್ಕಕ್ಕೆ ತಂದರು. ಮರುವರ್ಷ ಮಾರ್ಚಿನಲ್ಲಿ ಅದು ಬಿದ್ದುಹೋಯಿತು. ನಾವು ಹೋದಾಗ ಜಾರಿಯಲ್ಲಿದ್ದ, 2022ರ ಕೊನೆಗೆ ಬಂದ ನಿಯಮ ನೋಡುತ್ತಿದ್ದುದು ತಿಂಗಳ ನಗದು ನೆರವನ್ನು ಮತ್ತು ಸರ್ಕಾರಿ ಖರ್ಚಿನಲ್ಲಿ ಆರೈಕೆ ಗೃಹದಲ್ಲಿ ಬಹುಕಾಲ ಇರುವುದನ್ನು ಮಾತ್ರ. ನಿಯಮ ಹೋದರೂ ಹೆದರಿಕೆ ಹೋಗಲಿಲ್ಲ. ಗ್ರೀನ್ ಕಾರ್ಡು ಕೈಯಲ್ಲೇ ಇದ್ದ ಮೇಷ್ಟ್ರಿಗೂ ಬೆಂಚಿನವರು ‘ಮಗನ ಮನೆಗೆ ಬಿಲ್ಲು ಬರುತ್ತೆ’ ಎಂದು ಹೆದರಿಸಿದ್ದರು. ಪ್ರಾಯೋಜಕನಾದ ಮಗ ಐ-864 ಎಂಬ ಮುಚ್ಚಳಿಕೆಗೆ ಸಹಿ ಹಾಕಿರುತ್ತಾನೆ. ಕೆಲವು ನೆರವುಗಳ ಹಣವನ್ನು ಅವನಿಂದ ವಸೂಲು ಮಾಡುವ ಅಧಿಕಾರ ಕಾಗದದ ಮೇಲೆ ಇರುವುದು ನಿಜ. ಇಂಥ ಪ್ರಶ್ನೆಗೆ ಬೆಂಚನ್ನು ಕೇಳುವುದಕ್ಕಿಂತ 60 ದಾಟಿದವರಿಗೆ ಪುಕ್ಕಟೆ ಕಾನೂನು ಸಲಹೆ ಕೊಡುವ ಇಲ್ಲಿನ ‘ಸಾಲಾ’ ಸಂಸ್ಥೆಯನ್ನು ಕೇಳುವುದು ವಾಸಿ. ಹೆಸರು ಕೇಳಿ ಮೇಷ್ಟ್ರು ನಕ್ಕರು. ಸಾಲ ಅಲ್ಲ ಮೇಷ್ಟ್ರೆ, ಸಾಲಾ.

ನಮ್ಮ ಸರದಿ ಬಂತು. ಕಿಟಕಿಯಾಚೆಯ ಹೆಂಗಸು ಯಾವ ಭಾಷೆ ಎಂದು ಕೇಳಿ, ಎಲ್ಲೋ ಫೋನು ಮಾಡಿ, ರಿಸೀವರನ್ನು ಇತ್ತ ಕೊಟ್ಟಳು. ಅತ್ತಲಿಂದ ಕನ್ನಡ! ದುಭಾಷಿಯನ್ನು ಪುಕ್ಕಟೆ ಒದಗಿಸಬೇಕಾದದ್ದು ಇವರ ಕರ್ತವ್ಯ. ಅದರ ಬೇರು 1964ರ ನಾಗರಿಕ ಹಕ್ಕುಗಳ ಕಾಯಿದೆಯಲ್ಲಿದೆ. ನಾನು ಇಂಗ್ಲಿಷಿನಲ್ಲಿ ಮಾತಾಡಿ ಕೊಡುತ್ತೇನೆಂದರೂ ಮೇಷ್ಟ್ರು ಬಿಡಲಿಲ್ಲ, ‘ಇರು ಇರು, ಕನ್ನಡದಲ್ಲಿ ಕೇಳ್ತಾಳೆ ಅಂತೆ’ ಎಂದು ಬೆನ್ನು ನೆಟ್ಟಗೆ ಮಾಡಿ ಕುಳಿತರು.

ದುಭಾಷಿಯದು ಪುಸ್ತಕದ ಕನ್ನಡ. ‘ಅರ್ಜಿದಾರರ ಮಾಸಿಕ ಆದಾಯದ ಮೂಲ ಯಾವುದು?’

‘ಪೆನ್ಷನ್ನು. ಮೂವತ್ತೆಂಟು ಸಾವಿರ ರೂಪಾಯಿ.’

ಡಾಲರಿಗೆ ಬದಲಾಯಿಸಿದರೆ ಸುಮಾರು 460. ಆ ವರ್ಷ ಒಬ್ಬಂಟಿಗೆ ಅಮೆರಿಕದ ಬಡತನದ ಗೆರೆ ವರ್ಷಕ್ಕೆ 15,060 ಡಾಲರ್. ಮುದುಕರಿಗೆ ಮೆಡಿ-ಕ್ಯಾಲ್, ಅಂದರೆ ಕ್ಯಾಲಿಫೋರ್ನಿಯಾದ ವೈದ್ಯಕೀಯ ನೆರವು, ಸಿಗುವ ಮಿತಿ ತಿಂಗಳಿಗೆ 1,732. ಹಾಸನದಲ್ಲಿ ಸ್ವಂತ ಮನೆ, ಸ್ಕೂಟರು, ಬೀದಿಯಲ್ಲಿ ನಾಲ್ಕು ಜನ ನಮಸ್ಕಾರ ಹೇಳುವ ಮನುಷ್ಯ ಇಲ್ಲಿ ಗೆರೆಯಿಂದ ಎಷ್ಟೋ ಕೆಳಗೆ. ಮೇಷ್ಟ್ರು ಮನಸ್ಸಿನಲ್ಲೇ ಭಾಗಾಕಾರ ಮಾಡಿ, ‘ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ’ ಎಂದರು. ಮುಖದಲ್ಲಿ ಬೇಸರಕ್ಕಿಂತ ಲೆಕ್ಕ ಸರಿ ಬಂದ ಸಮಾಧಾನವೇ ಹೆಚ್ಚಿತ್ತು.

ಕೇಂದ್ರದ ಕಾನೂನಿನಲ್ಲಿ ಗ್ರೀನ್ ಕಾರ್ಡು ಬಂದು ಐದು ವರ್ಷ ಆಗುವವರೆಗೆ ಇಂಥವರಿಗೆ ಈ ನೆರವಿಲ್ಲ, 1996ರ ಕಟ್ಟಳೆ ಅದು. ಕ್ಯಾಲಿಫೋರ್ನಿಯಾ ತನ್ನ ದುಡ್ಡಿನಿಂದ ಆ ಅಂತರ ತುಂಬುತ್ತಿತ್ತು. ಆಸ್ತಿ ಎಷ್ಟಿದೆ ಎಂಬ ಪ್ರಶ್ನೆಯನ್ನೂ 2024ರ ಜನವರಿಯಿಂದ ಕೈಬಿಟ್ಟಿದ್ದರು, ಹಾಸನದ ಮನೆ ಅಡ್ಡ ಬರಲಿಲ್ಲ. (ಕಾಲ ಹೀಗೇ ಇರುವುದಿಲ್ಲ. 2026ರಿಂದ ಒಬ್ಬರಿಗೆ 1,30,000 ಡಾಲರ್ ಆಸ್ತಿಯ ಮಿತಿ ಮತ್ತೆ ಬಂದಿದೆ. ಹೋಗುವವರು ಆ ದಿನದ ನಿಯಮ ಕೇಳಿಕೊಂಡೇ ಹೋಗಬೇಕು.) ಮಗನ ಮನೆಯ ಆದಾಯವನ್ನು ಮೆಡಿ-ಕ್ಯಾಲ್ ಇವರ ಆದಾಯವೆಂದು ಹಿಡಿಯುವುದಿಲ್ಲ, ಊಟ ವಸತಿ ಪುಕ್ಕಟೆಯೇ ಎಂದು ಕೇಳಬಹುದು, ಅಷ್ಟೆ. ಅಂದರೆ ಈ ಕಿಟಕಿಯ ಲೆಕ್ಕದಲ್ಲಿ ಮೇಷ್ಟ್ರು ಒಬ್ಬರೇ ಒಂದು ಸಂಸಾರ.

ಊಟದ ನೆರವಾದ ಕ್ಯಾಲ್‌ಫ್ರೆಶ್‌ಗೂ ಅರ್ಜಿ ಹಾಕುತ್ತೀರಾ ಎಂದು ಹೆಂಗಸು ಕೇಳಿದಳು. ಹೊಸ ಗ್ರೀನ್ ಕಾರ್ಡಿನವರಿಗೆ ಇದಕ್ಕೂ ರಾಜ್ಯದ್ದೇ ಬೇರೊಂದು ಖಾತೆ ಇದೆ. ಅಲ್ಲಿಗೆ ಬಂದಾಗ ದುಭಾಷಿ ತೊಡರಿದಳು.

‘ನಿಮ್ಮ ಕುಟುಂಬದಲ್ಲಿ ಎಷ್ಟು ಸದಸ್ಯರು?’

‘ಕುಟುಂಬ ಅಂದ್ರೆ? ನಾನು, ಮಗ, ಸೊಸೆ, ಮೊಮ್ಮಗಳು. ಊರಲ್ಲಿ ತಮ್ಮ ಇದ್ದಾನೆ. ಮಗಳು ಬೆಂಗಳೂರಲ್ಲಿ.’

ಅತ್ತ ಒಂದು ಕ್ಷಣ ಮೌನ. ಆಮೇಲೆ ಆ ಹುಡುಗಿಯ ಪುಸ್ತಕದ ಕನ್ನಡ ಪಟ್ಟನೆ ಕಳಚಿಬಿತ್ತು. ‘ಅಲ್ಲಾ ಸರ್, ಅವ್ರು ಕೇಳ್ತಿರೋದು ಏನಂದ್ರೆ... ಮನೇಲಿ ಒಲೆ ಒಂದೇನಾ, ಎರಡಾ?’

ದಿನವೆಲ್ಲ ಕೇಳಿದ ನಿಯಮಗಳಲ್ಲಿ ಇಷ್ಟು ಚೆನ್ನಾಗಿ ಅನುವಾದವಾದದ್ದು ಬೇರೆ ಯಾವುದೂ ಇಲ್ಲ. ಕ್ಯಾಲ್‌ಫ್ರೆಶ್‌ನ ಲೆಕ್ಕದಲ್ಲಿ ಸಂಸಾರವೆಂದರೆ ಒಟ್ಟಿಗೆ ದಿನಸಿ ತಂದು ಒಟ್ಟಿಗೆ ಅಡುಗೆ ಮಾಡಿಕೊಳ್ಳುವವರು. ರಕ್ತವಲ್ಲ, ಸೂರಲ್ಲ, ಒಲೆ. ಒಂದೇ ಸೂರಿನಡಿ ಅಪ್ಪನೂ ದೊಡ್ಡವನಾದ ಮಗನೂ ಬೇರೆ ಬೇರೆ ಅಡುಗೆ ಮಾಡಿಕೊಂಡರೆ ಎರಡು ಸಂಸಾರ. ನಮ್ಮ ಕಡೆ ಭಾಗವಾದ ಮನೆಗೆ ‘ಒಲೆ ಬೇರೆ ಆಯ್ತು’ ಎನ್ನುವುದಿಲ್ಲವೇ? ಇಲ್ಲಿನ ಸರ್ಕಾರ ಅದನ್ನೇ ಫಾರಮ್ಮಿನಲ್ಲಿ ಕೇಳುತ್ತಿತ್ತು.

ಬೆಂಚಿನ ಸಲಹೆ ನನಗೂ ಗೊತ್ತಿತ್ತು: ‘ಬೇರೆ ಅಡುಗೆ ಅಂತ ಬರೆದುಬಿಡಿ, ಯಾರು ಬಂದು ನೋಡ್ತಾರೆ?’ ಮೇಷ್ಟ್ರಿಗೂ ಗೊತ್ತಿತ್ತು. ಒಂದೇ ಎಂದರೆ ಸೊಸೆಯ ಸಂಬಳ ಲೆಕ್ಕಕ್ಕೆ ಬರುತ್ತದೆ, ನೆರವು ಸಿಗುವುದಿಲ್ಲ. ರಿಸೀವರಿನ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. ‘ಬೆಳಿಗ್ಗೆ ಸೊಸೆ ಮಾಡಿದ ಸಾರು ಉಂಡು ಬಂದಿದೀನಿ ಕಣಮ್ಮ. ಒಲೆ ಬೇರೆ ಅಂತ ಬರೀಲಾ?’ ಉತ್ತರಕ್ಕೆ ಕಾಯದೆ ಕೈ ತೆಗೆದು, ‘ಒಂದೇ ಒಲೆ ತಾಯಿ. ಊಟದ್ದು ಬೇಡ, ಆಸ್ಪತ್ರೇದು ಮಾತ್ರ ಸಾಕು’ ಎಂದರು.

ಮೂರನೆಯದು ನಗದು. ವಲಸೆಯ ಸ್ಥಿತಿಯ ಕಾರಣಕ್ಕೆ ಮಾತ್ರ ಕೇಂದ್ರದ ವೃದ್ಧಾಪ್ಯ ನೆರವು ಸಿಗದವರಿಗೆಂದು ಕ್ಯಾಲಿಫೋರ್ನಿಯಾ ‘ಕಾಪಿ’ ಎಂಬುದನ್ನು ಇಟ್ಟಿದೆ. ಅದರಲ್ಲಿ ಸಹಿ ಹಾಕಿದ ಮಗನ ಆದಾಯವನ್ನು ಹತ್ತು ವರ್ಷ ಅಪ್ಪನದೆಂದೇ ಹಿಡಿಯುತ್ತಾರೆ, ಮಗ ಎಲ್ಲೇ ಇರಲಿ, ಒಲೆ ಎಷ್ಟೇ ಇರಲಿ. ಒಬ್ಬನೇ ಮುದುಕ, ಒಂದೇ ಬೆಳಿಗ್ಗೆ, ಮೂರು ನೆರವಿಗೆ ಮೂರು ಬಗೆಯ ಸಂಸಾರ: ಒಂದಕ್ಕೆ ಅವರು ಒಂಟಿ, ಇನ್ನೊಂದಕ್ಕೆ ಒಲೆಯ ಸುತ್ತಲಿನವರೆಲ್ಲ ಸೇರಿ, ಮತ್ತೊಂದಕ್ಕೆ ಒಂದು ಸಹಿಯ ಬಾಲ. ಜನ ಅರ್ಜಿ ಹಾಕದೆ ಹಿಂದಿರುಗುವುದು ಸೋಮಾರಿತನದಿಂದಲ್ಲ, ತಾವು ಯಾರು ಎಂದು ಬರೆಯಬೇಕೋ ಅದೇ ತಿಳಿಯದೆ ಎಂದು ನನಗೆ ಅಲ್ಲಿ ಕುಳಿತಾಗ ಹೊಳೆಯಿತು.

ನಗದಿನ ಮಾತೆತ್ತದೆ ಎದ್ದೆವು. 45 ದಿನದೊಳಗೆ ತೀರ್ಮಾನದ ಕಾಗದ ಮನೆಗೆ ಬರುತ್ತದೆಂದು ದುಭಾಷಿ ಹೇಳಿದಳು. ಫೋನು ಇಡುವ ಮೊದಲು ಮೇಷ್ಟ್ರು ತಡೆಯಲಾರದೆ ಕೇಳಿಯೇಬಿಟ್ಟರು, ‘ಯಾವೂರಮ್ಮ ನಿಂದು?’ ಅವಳು ಹೇಳುವಂತಿರಲಿಲ್ಲವೇನೋ, ನಕ್ಕು, ‘ಹುಷಾರು ಸರ್’ ಎಂದಳು.

ಹೊರಗೆ ಬರುವಾಗ ಆ ಸ್ಪ್ಯಾನಿಷ್ ತಾಯಿಯ ಮಗು ಇನ್ನೂ ಅಳುತ್ತಿತ್ತು. ಅವಳಿಗೆ ಬಾಗಿಲುಗಳು ನಮಗಿಂತ ಹೆಚ್ಚೆಂದು ಆಮೇಲೆ ತಿಳಿಯಿತು. ಬಸುರಿ ಬಾಣಂತಿಯರಿಗೂ ಐದರೊಳಗಿನ ಮಕ್ಕಳಿಗೂ ಹಾಲು, ಮೊಟ್ಟೆ, ಕಾಳು ಕೊಡುವ ‘ವಿಕ್’ ವೀಸಾ ಕೇಳುವುದಿಲ್ಲ. ಸರ್ಕಾರಿ ಶಾಲೆಯಲ್ಲಿ 2022ರಿಂದ ಎಲ್ಲ ಮಕ್ಕಳಿಗೂ ಎರಡು ಹೊತ್ತು ಊಟ ಪುಕ್ಕಟೆ. ನಮ್ಮ ಹೆಣ್ಣುಮಕ್ಕಳದು ಬೇರೆಯೇ ಕಥೆ. ಗಂಡನ ವೀಸಾದ ಬಾಲ ಹಿಡಿದು ಬಂದು, ಏಟು ತಿಂದು, ಹೊರಗೆ ಹೋದರೆ ದೇಶವೇ ಬಿಡಬೇಕೆಂದು ನಂಬಿ ಕೂತವರು. ಅಂಥವರಿಗೆಂದೇ ದಕ್ಷಿಣ ಏಷ್ಯಾದ ಹೆಂಗಸರು ಸೇರಿ 1991ರಲ್ಲಿ ಇದೇ ಸೀಮೆಯಲ್ಲಿ ‘ಮೈತ್ರಿ’ ಎಂಬ ಸಂಸ್ಥೆ ಕಟ್ಟಿದರು. ಸಹಾಯವಾಣಿ, ಇಳಿದುಕೊಳ್ಳಲು ಜಾಗ, ವಕೀಲರ ನೆರವು ಅಲ್ಲಿ ಉಂಟು. ಪಾರ್ಕಿನ ಬೆಂಚಿನಲ್ಲಿ ಇದರ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ ನಾನು. ಅಲ್ಲಿ ಮಾತೆಲ್ಲ ಗಂಡಸರದೇ, ಕೇಳಲಿಕ್ಕೂ ಇಲ್ಲ.

ಊಟದ ವಿಷಯ ಹಾಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಸರ್ಕಾರದ ಅರ್ಜಿಯಿಲ್ಲದೆ ಊಟ ಕೊಡುವವರು ಇಲ್ಲಿ ಬೇರೆ ಇದ್ದಾರೆ. 1974ರಲ್ಲಿ ಶುರುವಾದ ಸೆಕೆಂಡ್ ಹಾರ್ವೆಸ್ಟ್ ಎಂಬ ಆಹಾರ ಭಂಡಾರ ಈ ಕೌಂಟಿ ಮತ್ತು ಪಕ್ಕದ ಸ್ಯಾನ್ ಮಟೇಯೊ ಸೇರಿ ತಿಂಗಳಿಗೆ ಸುಮಾರು ಐದು ಲಕ್ಷ ಜನರಿಗೆ ತರಕಾರಿ, ಹಾಲು, ಮೊಟ್ಟೆ, ಅಕ್ಕಿ ಮುಟ್ಟಿಸುತ್ತದೆ. ವಲಸೆಯ ಕಾಗದ ಕೇಳುವುದಿಲ್ಲ. ಬಾಡಿಗೆ, ಕರೆಂಟು ಬಿಲ್ಲಿಗೆ ತುರ್ತು ನೆರವು ಕೊಡುವ ಸಂಸ್ಥೆಗಳು ಕೌಂಟಿಯನ್ನು ಊರೂರಾಗಿ ಹಂಚಿಕೊಂಡಿವೆ: ನಮ್ಮ ಸನ್ನಿವೇಲ್‌ಗೆ 1970ರಿಂದ ಇರುವ ಸನ್ನಿವೇಲ್ ಕಮ್ಯೂನಿಟಿ ಸರ್ವಿಸಸ್, ಕ್ಯುಪರ್ಟಿನೊ, ಸಾರಾಟೋಗಾಗಳಿಗೆ ವೆಸ್ಟ್ ವ್ಯಾಲಿ, ಮೌಂಟನ್ ವ್ಯೂ, ಲಾಸ್ ಆಲ್ಟೋಸ್‌ಗಳಿಗೆ ಸಿ.ಎಸ್.ಎ., ಸ್ಯಾನ್ ಹೊಸೆಯ ಬಹುಭಾಗಕ್ಕೆ 1964ರ ಸೇಕ್ರೆಡ್ ಹಾರ್ಟ್. ಪಕ್ಕದ ಬೀದಿಯವರಿಗೆ ಸಿಕ್ಕಿದ್ದು ನಿಮಗೆ ಸಿಗದಿದ್ದರೆ ಕಾರಣ ನಿಮ್ಮ ಪಿನ್ ಕೋಡ್ ಇರಬಹುದು. ಇವೆಲ್ಲವನ್ನೂ ಮೇಷ್ಟ್ರು ಅಡ್ಡಗೆರೆ ಉದ್ದಗೆರೆ ಎಳೆದು ಕೋಷ್ಟಕ ಮಾಡಿಕೊಂಡರು. ‘ಬೆಂಚಿಗೆ ಬೇಕಾಗುತ್ತೆ’ ಎಂದರು. ತರಕಾರಿ ಚೀಲ ತಾವು ತರುತ್ತೀರಾ ಎಂದಾಗ ಮಾತ್ರ ಉತ್ತರ ಬರಲಿಲ್ಲ.

ಜಪಾನಿ ತೋಟಕ್ಕೆ ಹೋಗಲೇಬೇಕಲ್ಲ, ಮಾತು ಕೊಟ್ಟಾಗಿದೆ. ಅದೇ ಸೆಂಟರ್ ರೋಡಿನಲ್ಲಿ, ಕೆಲ್ಲಿ ಪಾರ್ಕಿನೊಳಗೆ. ಸ್ಯಾನ್ ಹೊಸೆಯ ಸೋದರಿ ನಗರವಾದ ಒಕಾಯಾಮಾದ ಕೊರಕುಎನ್ ಉದ್ಯಾನದ ಮಾದರಿಯಲ್ಲಿ 1965ರಲ್ಲಿ ಕಟ್ಟಿದ್ದು. ಇಪ್ಪತ್ತು ನಿಮಿಷ ಕೊಳದ ದಂಡೆಯಲ್ಲಿ ಕುಳಿತೆವು. ಕೇಸರಿ ಬಣ್ಣದ ಕೋಯಿ ಮೀನುಗಳು ನೆರಳು ಕಂಡ ಕಡೆಗೆಲ್ಲ ಬಾಯಿ ತೆರೆದುಕೊಂಡು ಬಂದವು. ಮೇಷ್ಟ್ರು ಎಣಿಸಿದರು, ಹದಿನೇಳು.

‘ಮಗ ಕೇಳಿದ್ರೆ ಹೇಳೋಕೆ ಬೇಕು,’ ಅಂದರು.

ವಾಪಸು 22ರಲ್ಲಿ ಜನ ತುಂಬಿದ್ದರು. ಸಾಂತಾ ಕ್ಲಾರಾ ಊರು ದಾಟುವಾಗ ನನಗೆ ಒಂದು ವಿಷಯ ನೆನಪಾಯಿತು. ಇವರ ಅಪಾರ್ಟ್‌ಮೆಂಟಿನಲ್ಲಿ ಅಂಚೆ ಮನೆ ಬಾಗಿಲಿಗೆ ಬರುವುದಿಲ್ಲ. ಗೇಟಿನ ಬಳಿ ಸಾಲಾಗಿ ಡಬ್ಬಿಗಳು, ಒಂದೊಂದಕ್ಕೂ ಒಂದೊಂದು ಬೀಗ.

‘ಮೇಷ್ಟ್ರೆ, ಆ ಕಾಗದ ಬರೋದು ಪೋಸ್ಟಿನಲ್ಲಿ. ಡಬ್ಬಿ ಬೀಗದ ಕೈ ಯಾರ ಹತ್ರ ಇರುತ್ತೆ?’

ಅವರು ಬಟ್ಟೆಚೀಲವನ್ನು ತೊಡೆಯ ಮೇಲಿಂದ ಎತ್ತಿ ಎದೆಗವಚಿಕೊಂಡು ಕಿಟಕಿಯಾಚೆ ನೋಡಿದರು. ಎರಡು ಸ್ಟಾಪು ಕಳೆದ ಮೇಲೆ, ‘ಸೊಸೆ ಹತ್ರ,’ ಎಂದರು.